ಗೃಹಚಿಂತನ: ಹೇಳಿಕೊಳ್ಳುವವರೂ ಕೇಳುವವರೂ

ಮನೆಯ ಮಾತು ಹೊಸ್ತಿಲು ದಾಟಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಕಟ್ಟಳೆ. ಹೀಗಿರಲು, ಗುರುತು ಪರಿಚಯವಿಲ್ಲದವರೊಬ್ಬರ ಎದುರಿಗೆ ಕುಳಿತು, ಗಂಡಹೆಂಡಿರ ವಿರಸವನ್ನೋ ಮಗನ ಕುಡಿತವನ್ನೋ ತಿಂಗಳುಗಟ್ಟಲೆ ನಿದ್ರೆಯಿಲ್ಲದ ರಾತ್ರಿಗಳನ್ನೋ ಬಿಚ್ಚಿ ಹೇಳುವುದೆಂತು? ಹೇಳಿದರೆ ಅದು ಸಂತೆಯ ಮಾತಾಗದೆ ಉಳಿದೀತೆ? ಆಪ್ತಸಲಹೆ ಎಂಬ ವಿದ್ಯೆಯ ಪ್ರಸ್ತಾಪ ಬಂದಾಗಲೆಲ್ಲ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯ ಮನೆಗಳಲ್ಲಿ ಏಳುವ ಪ್ರಶ್ನೆಗಳು ಇವೇ. ಪ್ರಶ್ನೆಗಳು ನ್ಯಾಯವಾದುವು. ಇವುಗಳಿಗೆ ಉತ್ತರವಿಲ್ಲದೆ, ‘ಹೋಗಿ ಹೇಳಿಕೊಳ್ಳಿ’ ಎಂದು ಉಪದೇಶಿಸುವುದು ಹಗುರವಾದ ಮಾತಾದೀತೆಂದು ನಮ್ಮ ಭಾವನೆ. ಆದುದರಿಂದ ಈ ತಿಂಗಳ ಪುಟಗಳನ್ನು, ಹೇಳಿಕೊಳ್ಳುವವರಿಗೂ ಕೇಳುವವರಿಗೂ ನಡುವೆ ಏರ್ಪಡಬೇಕಾದ ಸಂಬಂಧಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಹೆಸರನ್ನೇ ನೋಡೋಣ. ಇಂಗ್ಲಿಷಿನವರು ಈ ಕೆಲಸಕ್ಕೆ ಇಟ್ಟ ಹೆಸರಿನಲ್ಲಿ ಸಲಹೆಯೊಂದೇ ಉಂಟು. ಕನ್ನಡದವರು ಅದರ ಮುಂದೆ ‘ಆಪ್ತ’ ಎಂಬ ಮಾತನ್ನು ಕೂಡಿಸಿದರು. ಕೂಡಿಸಿದವರು ಯಾರೇ ಇರಲಿ, ವಿಷಯದ ತಿರುಳನ್ನು ಬಲ್ಲವರಾಗಿರಬೇಕು. ನ್ಯಾಯಶಾಸ್ತ್ರದಲ್ಲಿ ಪ್ರಮಾಣಗಳು ನಾಲ್ಕು. ಅವುಗಳಲ್ಲಿ ಕಡೆಯದಾದ ಶಬ್ದಪ್ರಮಾಣವೆಂದರೆ ಆಪ್ತನ ಮಾತು. ಚರಕನ ವೈದ್ಯಶಾಸ್ತ್ರದಲ್ಲಿಯೂ ಆಪ್ತರ ಉಪದೇಶಕ್ಕೆ ಹಿರಿಯ ಸ್ಥಾನವಿದೆ. ಅಲ್ಲಿ ಆಪ್ತನೆಂದರೆ ನೆಂಟನಲ್ಲ, ನೆರೆಮನೆಯವನೂ ಅಲ್ಲ. ವಿಷಯವನ್ನು ಇದ್ದಂತೆ ಬಲ್ಲವನು, ಬಲ್ಲುದನ್ನು ಇದ್ದಂತೆ ನುಡಿವವನು, ರಾಗದ್ವೇಷಗಳಿಗೆ ಸಿಕ್ಕಿ ಮಾತನ್ನು ತಿರುಚದವನು ಆಪ್ತನು. ಬಳಕೆಯ ಮಾತಿನಲ್ಲಿ ಆಪ್ತನೆಂದರೆ ಹತ್ತಿರದವನು, ಶಾಸ್ತ್ರದಲ್ಲಿ ನಂಬತಕ್ಕವನು. ಹತ್ತಿರದವರೆಲ್ಲರೂ ನಂಬತಕ್ಕವರಲ್ಲವೆಂಬುದು ಕೂಡುಕುಟುಂಬದಲ್ಲಿ ಬಾಳಿದವರಿಗೆ ಹೇಳಬೇಕಾದ ಸಂಗತಿಯಲ್ಲ.

ಮಲೆನಾಡಿನವರಿಗೆ ಸಲಹೆಗಾರರ ಕೊರತೆ ಎಂದೂ ಇದ್ದುದಿಲ್ಲ. ಮನೆಯ ಯಜಮಾನರಿದ್ದಾರೆ, ದೈವದ ಪಾತ್ರಿಯಿದ್ದಾನೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ಹೋಗಿ, ಹೆಗ್ಗಡೆಯವರ ಮುಂದೆ ವ್ಯಾಜ್ಯವನ್ನಿಟ್ಟು ತೀರ್ಮಾನ ಪಡೆಯುವ ‘ಹೊಯ್ಲು’ ಎಂಬ ಪದ್ಧತಿಯಿದೆ. ಇವುಗಳ ಉಪಯೋಗವನ್ನು ನಾವು ಅಲ್ಲಗಳೆಯುವವರಲ್ಲ. ಎಷ್ಟೋ ಪಾಲುಪಟ್ಟಿಯ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತದೆ ಹೀಗೆಯೇ ತೀರಿವೆ. ಆದರೆ ಈ ಎಲ್ಲ ಕಡೆಗಳಲ್ಲಿಯೂ ಕೊನೆಗೆ ಒಂದು ತೀರ್ಪು ಬರುವುದು. ತೀರ್ಪು ಬರುವ ಸ್ಥಳದಲ್ಲಿ ಮನುಷ್ಯನು ವಾದ ಮಾಡುತ್ತಾನೆ. ತನ್ನ ತಪ್ಪನ್ನು ಸೆರಗಿನ ಮರೆಯಲ್ಲಿಟ್ಟು ಎದುರಿನವರ ತಪ್ಪನ್ನು ಮೊರದಲ್ಲಿ ತುಂಬಿ ತರುತ್ತಾನೆ. ಅದು ಸಹಜ. ಆಪ್ತಸಲಹೆಗಾರರ ಕೊಠಡಿಯಲ್ಲಿ ತೀರ್ಪೆಂಬುದೇ ಇಲ್ಲ. ಅಲ್ಲಿ ಗೆಲ್ಲಬೇಕಾದವರಿಲ್ಲ, ಆದುದರಿಂದ ಮರೆಮಾಚುವ ಅಗತ್ಯವೂ ಇರಬಾರದು. ಬಂದವರಿಗೆ ಈ ಭೇದವು ಅನುಭವಕ್ಕೆ ಬರುವ ತನಕ ಸಂಬಂಧವು ಬೆಳೆಯಲಾರದು.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವನ್ನು ನಮ್ಮ ತೋಟಗಾರರೆಲ್ಲರೂ ಬಲ್ಲರು. ಅಲ್ಲಿಯ ತಜ್ಞರಿಗೆ ಗಿಡವನ್ನು ತೋರಿಸಿದರಾಯಿತು. ಎಲೆಯ ತುಕ್ಕನ್ನೂ ಕಾಂಡಕೊರಕವು ಕೊರೆದ ಗುರುತನ್ನೂ ಅವರು ತಾವೇ ಕಂಡುಕೊಳ್ಳುತ್ತಾರೆ. ಗಿಡವು ಸುಳ್ಳಾಡುವುದಿಲ್ಲ, ನಾಚುವುದೂ ಇಲ್ಲ. ಮನಸ್ಸಿನ ವಿಷಯ ಹಾಗಲ್ಲ. ಕೇಳುವವರ ಕೈಗೆ ಸಿಕ್ಕುವುದು ಹೇಳುವವರು ಹೇಳಿದಷ್ಟೇ. ನಂಬಿಕೆಯಿದ್ದಷ್ಟು ಮಾತು, ಮಾತಿದ್ದಷ್ಟು ಚಿಕಿತ್ಸೆ. ಆದುದರಿಂದ ಈ ವಿದ್ಯೆಯಲ್ಲಿ ಸಂಬಂಧವೆಂಬುದು ಔಷಧಕ್ಕೆ ಮುಂಚಿನ ಉಪಚಾರವಲ್ಲ, ಔಷಧದ ಒಂದು ಭಾಗವೇ ಆಗಿರುವುದು.

ಪಶ್ಚಿಮದ ವಿದ್ವಾಂಸರೂ ಇದೇ ಮಾತಿಗೆ ಬಂದಿದ್ದಾರೆ. ಅಮೆರಿಕದ ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರು 1942ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಬರೆದರು. 1957ರ ಒಂದು ಲೇಖನದಲ್ಲಿ, ಕೇಳುವವರಲ್ಲಿ ಕಪಟವಿಲ್ಲದ ನಡತೆ, ಷರತ್ತಿಲ್ಲದ ಆದರ, ಎದುರಿನವರ ಅಳಲನ್ನು ಅವರ ಕಡೆಯಿಂದಲೇ ಕಾಣಬಲ್ಲ ಶಕ್ತಿ ಇವುಗಳಿರಬೇಕೆಂದು ಪ್ರತಿಪಾದಿಸಿದರು. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಎಂಬವರು ಈ ಸಂಬಂಧದಲ್ಲಿ ಮೂರು ಎಳೆಗಳನ್ನು ಕಂಡರು: ಯಾವ ಗುರಿಗೆ ಹೋಗಬೇಕೆಂಬುದರಲ್ಲಿ ಒಮ್ಮತ, ಅದಕ್ಕಾಗಿ ಏನು ಮಾಡಬೇಕೆಂಬುದರಲ್ಲಿ ಒಮ್ಮತ, ಇಬ್ಬರ ನಡುವಣ ವಿಶ್ವಾಸ. ನಮ್ಮವರು ಮೂರನೆಯದನ್ನು ಚೆನ್ನಾಗಿ ಬಲ್ಲರು. ಮೊದಲನೆಯದನ್ನು ಮಾತ್ರ ಮರೆಯುವರು. ಮಗಳು ಅಳುವುದನ್ನು ನಿಲ್ಲಿಸಿ ಗಂಡನ ಮನೆಗೆ ಹಿಂದಿರುಗಬೇಕೆಂಬುದು ತಾಯಿಯ ಗುರಿ. ಎರಡು ಹೊತ್ತು ನೆಮ್ಮದಿಯಿಂದ ಊಟಮಾಡಿ ನಿದ್ರಿಸುವಂತಾದರೆ ಸಾಕೆಂಬುದು ಮಗಳ ಗುರಿ. ಸಲಹೆಗಾರರು ಯಾರ ಗುರಿಯನ್ನು ಹಿಡಿಯಬೇಕು? ಎದುರಿಗೆ ಕುಳಿತವರದನ್ನು. ಇದನ್ನು ಮೊದಲ ದಿನವೇ ಬಿಡಿಸಿ ಮಾತಾಡದಿದ್ದರೆ, ಎಷ್ಟು ಸವಿಮಾತಾಡಿದರೂ ಮಗಳಿಗೆ ಅವರು ತಾಯಿಯ ಕಡೆಯವರಾಗಿಯೇ ಕಾಣುವರು.

ಈ ಕೆಲಸಕ್ಕೆ ದೊಡ್ಡ ದೊಡ್ಡ ಪದವಿಗಳಿದ್ದವರೇ ಆಗಬೇಕೆಂಬ ಭ್ರಮೆಯೂ ಬೇಡ. ಮನಸ್ಸಿನ ರೋಗಕ್ಕೆ ತುತ್ತಾದವರಲ್ಲಿ, ರೋಗಭೇದವನ್ನನುಸರಿಸಿ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಿಂದ ತಿಳಿದುಬಂದಿತು. ಇಷ್ಟು ಮಂದಿಗೆ ಸಾಕಾಗುವಷ್ಟು ತಜ್ಞರು ನಮ್ಮ ದೇಶದಲ್ಲಿಲ್ಲ. ನೆರೆಯ ಗೋವೆಯಲ್ಲಿ ಸಂಗತ್ ಎಂಬ ಸಂಸ್ಥೆಯವರು, ಮನೋವೈದ್ಯವನ್ನು ಓದದ ಸಾಮಾನ್ಯರಿಗೆ ತರಬೇತಿಯನ್ನಿತ್ತು, ಮಿತಿಮೀರಿ ಕುಡಿಯುವ ಗಂಡಸರೊಡನೆ ನಾಲ್ಕು ಬೈಠಕ್ಕುಗಳನ್ನು ಮೀರದಂತೆ ಮಾತುಕತೆ ನಡೆಸುವ ಏರ್ಪಾಡನ್ನು ಮಾಡಿದರು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಮೂರು ತಿಂಗಳ ತರುವಾಯ ಹೀಗೆ ಸಲಹೆ ಪಡೆದವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು; ಪಡೆಯದವರಲ್ಲಿ 26. ಇದು ಪವಾಡವಲ್ಲ. ನೂರರಲ್ಲಿ ಹತ್ತು ಮನೆಗಳ ದೀಪವಷ್ಟೆ. ಆ ಹತ್ತರಲ್ಲಿ ನಮ್ಮದೂ ಒಂದಾದರೆ ಅದೇನು ಅಲ್ಪವೆ?

ಇನ್ನು ನಮ್ಮ ಸೀಮೆಗೇ ವಿಶೇಷವಾದ ತೊಡಕುಗಳಿಗೆ ಬರೋಣ. ಮೊದಲನೆಯದು ‘ಹೂಂ’ ಎಂಬ ಮಾತು.

ತೋಟದ ಲೈನುಮನೆಯಿಂದ ಬಂದ ಆಳು, ಕುರ್ಚಿಯ ಮೇಲೆ ಕುಳಿತವರು ಏನು ಹೇಳಿದರೂ ‘ಹೂಂ ಅಯ್ಯ’ ಎನ್ನುವನು. ಮೇಸ್ತ್ರಿಗೂ ಹೂಂ, ರೈಟರಿಗೂ ಹೂಂ, ಗೌಡರಿಗೂ ಹೂಂ. ಈ ಹೂಂಕಾರವು ಒಪ್ಪಿಗೆಯಲ್ಲ, ಅದೊಂದು ಮೈಗಾವಲು. ಸಲಹೆಗಾರರು ಇದನ್ನು ಒಪ್ಪಿಗೆಯೆಂದು ತಿಳಿದು ಪುಸ್ತಕದಲ್ಲಿ ಬರೆದುಕೊಂಡರೆ, ಮರುವಾರ ಅವನು ಬರುವುದಿಲ್ಲ. ಡಾಕ್ಟರ್ ಜಸ್ವಂತ್ ಸಿಂಗ್ ನೇಕಿ ಎಂಬ ಮನೋವೈದ್ಯರು 1973ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ಭಾರತೀಯನು ಚಿಕಿತ್ಸಕರ ಬಳಿಗೆ ಸಮಾನನೊಬ್ಬನೊಡನೆ ಮಾತಾಡಲು ಬರುವುದಿಲ್ಲ, ಗುರುವನ್ನು ಅರಸಿ ಬರುತ್ತಾನೆ, ಆದುದರಿಂದ ಗುರುಶಿಷ್ಯ ಸಂಬಂಧವೇ ಇಲ್ಲಿಯ ಚಿಕಿತ್ಸೆಗೆ ಮಾದರಿಯಾಗಬಾರದೇಕೆ, ಎಂದು. ವಿಚಾರವು ಬೆಲೆಯುಳ್ಳದ್ದು. ನಮ್ಮ ಜನಕ್ಕೆ ‘ನಿಮಗೆ ಏನನ್ನಿಸುತ್ತದೆ?’ ಎಂದು ಕೇಳಿ ಸುಮ್ಮನೆ ಕುಳಿತರೆ, ಇವರಿಗೇನೂ ಗೊತ್ತಿಲ್ಲವೆಂದುಕೊಂಡು ಎದ್ದುಹೋಗುವುದೂ ಉಂಟು. ಆದರೂ ಕಾಫಿತೋಟಗಳ ನಾಡಿನಲ್ಲಿ ಗುರುಪೀಠಕ್ಕೂ ಧಣಿಯ ಜಗಲಿಗೂ ದೂರ ಬಹಳವಿಲ್ಲವೆಂಬುದನ್ನು ಮರೆಯಬಾರದು. ತಲೆತಲಾಂತರದಿಂದ ಕೈಕಟ್ಟಿ ನಿಂತವನ ಮುಂದೆ ಇನ್ನೊಂದು ಪೀಠವನ್ನಿಟ್ಟರೆ ಅವನ ಬಾಯಿ ತೆರೆದೀತೆಂದು ನಮಗೆ ತೋರುವುದಿಲ್ಲ. ಕುರ್ಚಿಯನ್ನು ಕೊಟ್ಟು ಕೂರಿಸುವುದು, ‘ನೀವು’ ಎಂದು ಮಾತಾಡಿಸುವುದು, ಅವನು ಬೇಡವೆಂದಾಗ ಬೇಸರಪಡದಿರುವುದು ಮೊದಲು ಬೇಕು. ಆಳು ಮೊದಲನೆಯ ಬಾರಿಗೆ ‘ಅದು ನನ್ನಿಂದ ಆಗದು’ ಎಂದ ದಿನ ಸಂಬಂಧವು ಬೇರುಬಿಟ್ಟಿತೆಂದು ತಿಳಿಯಬಹುದು.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಲೈನುಗಳಲ್ಲಿ ತುಳು, ತಮಿಳು, ಕೊಂಕಣಿಗಳುಂಟು; ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದಲೂ ಉತ್ತರದಿಂದಲೂ ಕೆಲಸಕ್ಕೆ ಬಂದವರಿದ್ದಾರೆ. ಭಾಷೆ ತಿಳಿಯದೆಂದು ಮೇಸ್ತ್ರಿಯನ್ನೋ ಮನೆಯ ಹತ್ತು ವರ್ಷದ ಮಗುವನ್ನೋ ನಡುವೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ಪದ್ಧತಿಯು ಸರಿಯಲ್ಲ. ಮೇಸ್ತ್ರಿಯ ಮುಂದೆ ಕೂಲಿಯವಳು ಯಾವುದನ್ನು ಹೇಳಬಲ್ಲಳು? ಮಗುವಿನ ಬಾಯಿಂದ ತಾಯಿಯ ಯಾವ ಸಂಕಟವನ್ನು ಹೇಳಿಸಬಹುದು? ಹೊರಗಿನವರಾದ, ಗುಟ್ಟು ಕಾಯಬಲ್ಲ ದುಭಾಷಿಯೊಬ್ಬರು ಸಿಕ್ಕುವ ತನಕ ತಡೆಯುವುದೇ ಮೇಲು. ಪ್ರಾಣಾಪಾಯದ ಸಂದರ್ಭ ಮಾತ್ರ ಬೇರೆ.

ಎರಡನೆಯ ತೊಡಕು ಗುಟ್ಟಿನದು. ಇದು ದೊಡ್ಡದು.

ಬೆಂಗಳೂರಿನಲ್ಲಿ ಒಬ್ಬರು ಸಲಹೆಗಾರರ ಮೆಟ್ಟಿಲು ಹತ್ತಿದರೆ ನೋಡುವವರಾರು? ಮೂಡಿಗೆರೆಯಲ್ಲಾದರೋ, ಆಸ್ಪತ್ರೆಯ ಯಾವ ಬಾಗಿಲ ಮುಂದೆ ಯಾರ ಸೊಸೆ ಕುಳಿತಿದ್ದಳೆಂಬುದು ಸಂಜೆಯ ಬಸ್ಸು ಕಳಸಕ್ಕೆ ಮುಟ್ಟುವ ಮೊದಲೇ ಅಲ್ಲಿಗೆ ತಲಪಿರುವುದು. ಸಲಹೆಗಾರರೂ ಇದೇ ಸೀಮೆಯವರು. ಅವರಿಗೂ ಇಲ್ಲಿಯೇ ನೆಂಟರು, ಇಲ್ಲಿಯೇ ಮದುವೆಮುಂಜಿಗಳು. ಹೀಗಿರಲು ಮೊದಲನೆಯ ದಿನವೇ ಬಾಯಿಬಿಟ್ಟು ಹೇಳಬೇಕಾದ ಕೆಲವು ಸಂಗತಿಗಳುಂಟು. ‘ನಿಮ್ಮನ್ನು ಪೇಟೆಯಲ್ಲಿ ಕಂಡರೆ ನಾನಾಗಿ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿದರೆ ಮಾತಾಡುತ್ತೇನೆ, ಇದನ್ನು ಅಸಡ್ಡೆಯೆಂದು ತಿಳಿಯಬೇಡಿ’ ಎಂಬುದು ಒಂದು. ಮದುವೆಯ ಪಂಕ್ತಿಯಲ್ಲಿ ಎದುರುಬದುರು ಎಲೆಗೆ ಕುಳಿತಾಗ, ಸಲಹೆಗಾರರು ಗುರುತಿನ ನಗೆ ನಕ್ಕರೂ ಪಕ್ಕದವರು ‘ಇವರು ನಿಮಗೆ ಹೇಗೆ ಪರಿಚಯ?’ ಎನ್ನುವರು. ಆ ಪ್ರಶ್ನೆಗೆ ಉತ್ತರವನ್ನು ಆಯ್ದುಕೊಳ್ಳುವ ಹಕ್ಕು ಬಂದವರದು, ಕೇಳಿದವರದಲ್ಲ. ಬಂದವರು ತಮಗೆ ನೆಂಟರೋ ನೆರೆಯವರೋ ಆಗಿದ್ದರೆ ಅದನ್ನು ಮೊದಲೇ ತಿಳಿಸಿ, ಬೇಕಿದ್ದರೆ ಬೇರೊಬ್ಬರ ಬಳಿಗೆ ಕಳುಹಿಸುವುದೂ ಸಲಹೆಗಾರರ ಹೊಣೆ.

ಗುಟ್ಟಿಗೆ ಕಾಯಿದೆಯ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು 2018ರ ಮೇ 29ರಿಂದ ಜಾರಿಗೆ ಬಂದಿತು. ಅದರ 23ನೆಯ ಪ್ರಕರಣದಂತೆ ಮಾನಸಿಕ ಕಾಯಿಲೆಯುಳ್ಳವರ ವಿಷಯವನ್ನು ಗೋಪ್ಯವಾಗಿಡುವುದು ಚಿಕಿತ್ಸೆ ನೀಡುವವರ ಕರ್ತವ್ಯ. ವಿನಾಯಿತಿಗಳೂ ಉಂಟು: ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಕೇಡಾಗುವಂತಿದ್ದಾಗ, ನ್ಯಾಯಾಲಯದ ಆಜ್ಞೆಯಾದಾಗ ಮಾತನ್ನು ಹೊರಗೆಡಹಬಹುದು. ಈ ವಿನಾಯಿತಿಗಳನ್ನು ಮೊದಲೇ ತಿಳಿಸದೆ, ‘ಯಾರಿಗೂ ಏನನ್ನೂ ಹೇಳುವುದಿಲ್ಲ’ ಎಂದು ಮಾತುಕೊಟ್ಟು, ಆಮೇಲೆ ಗಾಬರಿಯಿಂದ ಮನೆಗೆ ಫೋನುಮಾಡಿದರೆ, ಜೀವ ಉಳಿದರೂ ನಂಬಿಕೆ ಉಳಿಯುವುದು ಕಷ್ಟ.

ಫೋನಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಭಾರತ ಸರಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಯಾರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಪೇಟೆಯಿಂದ ಹತ್ತಾರು ಮೈಲಿ ದೂರದ ಒಂಟಿಮನೆಗೆ, ಆಷಾಢದ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದಾಗ, ಇದೊಂದು ದೊಡ್ಡ ಆಸರೆ. ಆದರೆ ಬೆಟ್ಟದ ಮನೆಗಳಲ್ಲಿ ಸಿಗ್ನಲ್ಲೆಂಬುದು ಕಾಫಿಕಣದ ಮೂಲೆಯಲ್ಲೋ ರಸ್ತೆಬದಿಯ ದಿಬ್ಬದ ಮೇಲೋ ಮಾತ್ರ ದೊರೆಯುವ ವಸ್ತು. ಅಲ್ಲಿ ನಿಂತು ಕೂಗಿ ಮಾತಾಡುವಾಗ ಮನೆಮಂದಿಗೆಲ್ಲ ಕಿವಿಗಳಿರುವುವು! ಮನೆಯ ಸೊಸೆಯೋ ಮಗನೋ ಫೋನು ಹಿಡಿದು ದಿಬ್ಬ ಹತ್ತಿದರೆ, ಉಳಿದವರು ಅಡಿಗೆಮನೆಯಲ್ಲಿಯೇ ಕೆಲಸ ನೋಡಿಕೊಂಡಿರಬೇಕೆಂದು ನಮ್ಮ ಪ್ರಾರ್ಥನೆ. ಕೊಠಡಿಗೆ ಬಾಗಿಲು ಹಾಕುವುದು ಸಲಹೆಗಾರರ ಕೈಯಲ್ಲಿದೆ. ದಿಬ್ಬಕ್ಕೆ ಬಾಗಿಲು ಹಾಕುವುದು ಮನೆಯವರ ಕೈಯಲ್ಲಿದೆ.

ಹಾಗೆಂದು ಮನೆಯವರನ್ನು ಪೂರ್ತಿಯಾಗಿ ಹೊರಗಿಡುವುದು ನಮ್ಮ ದೇಶಕ್ಕೆ ಒಗ್ಗದ ಮಾತು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾಕ್ಟರ್ ವಿದ್ಯಾಸಾಗರ್ ಎಂಬವರು ರೋಗಿಗಳ ಬಂಧುಗಳನ್ನೂ ಆವರಣದ ಡೇರೆಗಳಲ್ಲಿಯೇ ಇರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳ್ಳುವಂತೆ ಮಾಡಿದರು. ಅದರಿಂದ ರೋಗಿಗಳಿಗೆ ಬಹಳ ಉಪಕಾರವಾಯಿತು. ಕರೆತರುವವರು, ಬಸ್ಸಿನ ಖರ್ಚು ಕೊಡುವವರು, ಮಾತ್ರೆಯನ್ನು ನೆನಪಿಸುವವರು ಮನೆಯವರೇ ಅಲ್ಲವೆ? ಮೊದಲು ಎಲ್ಲರೊಡನೆ, ಅನಂತರ ಬಂದವರೊಬ್ಬರೊಡನೆ, ಕಡೆಗೆ ಅವರ ಒಪ್ಪಿಗೆ ಪಡೆದು ಮತ್ತೆ ಎಲ್ಲರೊಡನೆ ಮಾತಾಡುವುದು ನಮಗೆ ಸರಿಯಾದ ಕ್ರಮವೆಂದು ತೋರುತ್ತದೆ. ಮನೆಯವರು ‘ಒಳಗೆ ಏನು ಹೇಳಿದೆ?’ ಎಂದು ದಾರಿಯುದ್ದಕ್ಕೂ ಕೇಳುತ್ತ ಬಂದರೆ, ಕೊಠಡಿಯಲ್ಲಿ ಒಂದು ಗಂಟೆ ಕಟ್ಟಿದುದು ಮನೆ ಮುಟ್ಟುವುದರೊಳಗೆ ಬಿಚ್ಚಿಹೋಗುವುದು. ದಾರಿಯಲ್ಲಿ ಒಂದು ಲೋಟ ಕಾಫಿ ಕುಡಿಸಿ, ಮಳೆಬೆಳೆಯ ಮಾತಾಡಿಕೊಂಡು ಬಂದರೆ ಸಾಕು.

ಕುಡಿತವನ್ನು ಬಿಡಿಸುವ ಕಾರ್ಯದಲ್ಲಿ ಈ ಬಂಧನದ ಬೆಲೆಯು ಇನ್ನೂ ಸ್ಪಷ್ಟವಾಗಿ ಕಾಣುವುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಶಿಬಿರದ ಎಂಟು ದಿನಗಳಲ್ಲಿ ಬಿಟ್ಟವರೆಲ್ಲರೂ ಒಂಬತ್ತನೆಯ ದಿನ ಅದೇ ಲೈನಿಗೆ, ಅದೇ ಶನಿವಾರದ ಬಟವಾಡೆಗೆ, ಅದೇ ಗೆಳೆಯರ ನಡುವಿಗೆ ಹಿಂದಿರುಗತಕ್ಕವರು. ಬಿಟ್ಟವರನ್ನು ಒಟ್ಟುಗೂಡಿಸುವ ನವಜೀವನ ಸಮಿತಿಗಳಿರುವುದು ಇದಕ್ಕಾಗಿಯೇ. ಬಿಟ್ಟವನು ಮತ್ತೊಮ್ಮೆ ಜಾರಿ ಕುಡಿದಾಗ, ಆ ಸಂಗತಿಯನ್ನು ಹೇಳಲು ಅವನು ತಲೆಬಾಗಿಸಿಕೊಂಡು ಯಾರ ಬಳಿಗೆ ಬರುವನೋ ಅವರೇ ಅವನ ಆಪ್ತರು. ಮರೆಮಾಡಿದನೆಂದರೆ, ಹಿಂದೆ ಯಾವಾಗಲೋ ಒಮ್ಮೆ ನಾವು ಅವನನ್ನು ಬೈದು ಕಳುಹಿಸಿರಬೇಕು.

2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡವೇ ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದುವು. ಮನೆ ಕಳೆದುಕೊಂಡವರು ಪುನರ್ವಸತಿಗಾಗಿ ಬಹುಕಾಲ ಕಾಯಬೇಕಾಯಿತು. ಇಂಥ ದುಃಖದ ಮುಂದೆ ಕುಳಿತ ಸಲಹೆಗಾರರಿಗೆ ಬಾಯಿಗೆ ಬರುವ ಮೊದಲ ಮಾತು ‘ಎಲ್ಲ ಸರಿಹೋಗುತ್ತದೆ’ ಎಂಬುದು. ಸರಿಹೋಗುವುದೆಂದು ಅವರಿಗೆ ಹೇಗೆ ತಿಳಿಯಿತು? ಹೋದ ಭೂಮಿಯನ್ನು ಕೊಡುವ ಶಕ್ತಿ ಅವರಿಗಿಲ್ಲ. ಪರಿಹಾರದ ಕಡತ ಯಾವ ಮೇಜಿನ ಮೇಲಿದೆಯೆಂಬುದೂ ಅವರಿಗೆ ತಿಳಿಯದು. ‘ಇದು ನನ್ನ ಕೈಯಲ್ಲಿಲ್ಲ, ಬರುವ ಗುರುವಾರ ಇದೇ ಹೊತ್ತಿಗೆ ನಾನು ಇಲ್ಲಿಯೇ ಇರುತ್ತೇನೆ’ ಎಂದು ಹೇಳಿ, ಗುರುವಾರ ಅದೇ ಹೊತ್ತಿಗೆ ಅಲ್ಲಿಯೇ ಇದ್ದರೆ, ಅದು ಮನುಷ್ಯನಿಗೆ ಹಿಡಿದುಕೊಳ್ಳಲು ಒಂದು ಗೂಟವಾಗುವುದು. ಬದಲಾಗುತ್ತಲೇ ಇರುವ ಸಲಹೆಗಾರರಿಂದ ಈ ಕೆಲಸವಾಗದು. ಬಂದವರು ತಮ್ಮ ಕಥೆಯನ್ನು ಪ್ರತಿಸಲವೂ ಹೊಸಬರೊಬ್ಬರಿಗೆ ಮೊದಲಿನಿಂದ ಹೇಳಬೇಕಾಗಿ ಬಂದರೆ, ಮೂರನೆಯ ಸಲಕ್ಕೆ ಹೇಳುವುದನ್ನೇ ಬಿಡುವರು. ಸಲಹೆಗಾರರನ್ನು ನೇಮಿಸುವ ಅಧಿಕಾರವುಳ್ಳವರು ಇದನ್ನು ಯೋಚಿಸಬೇಕು.

ಕೊನೆಯದಾಗಿ, ಚಿಕ್ಕದೆಂದು ತೋರಿದರೂ ಚಿಕ್ಕದಲ್ಲದ ಒಂದು ವಿಷಯ. ಮಲೆನಾಡಿನವರು ಬರಿಗೈಯಲ್ಲಿ ಬರುವವರಲ್ಲ. ಹಲಸಿನ ಹಣ್ಣು, ಬಾಳೆಗೊನೆ, ಮನೆಯಲ್ಲಿ ಹುರಿದ ಕಾಫಿಪುಡಿ ಏನಾದರೊಂದು ಕೈಯಲ್ಲಿರುವುದು. ಕಾಣಿಕೆಯನ್ನು ಮುಟ್ಟಲೇಬಾರದೆಂದು ಪಶ್ಚಿಮದ ಪುಸ್ತಕಗಳನ್ನು ಓದಿದ ಕೆಲವರ ಮತ. ನಮ್ಮ ಅಭಿಪ್ರಾಯ ಹಾಗಿಲ್ಲ. ಮುದುಕಿಯೊಬ್ಬಳು ಸೆರಗಿನಲ್ಲಿ ಕಟ್ಟಿತಂದ ನಾಲ್ಕು ಕಿತ್ತಳೆಯನ್ನು ಹಿಂದಕ್ಕೆ ಕೊಡುವುದು ಅವಳನ್ನೇ ಹಿಂದಕ್ಕೆ ಕಳುಹಿಸಿದಂತೆ. ತೆಗೆದುಕೊಂಡು, ಅಲ್ಲಿಯೇ ಸುಲಿದು, ಅವಳಿಗೂ ಎರಡು ತೊಳೆ ಕೊಟ್ಟರಾಯಿತು. ತೋಟದ ಮಾಲೀಕರ ಜೀಪಿನಲ್ಲಿ ಬಂದಿಳಿಯುವ ಒಂದು ಮೂಟೆ ಕಾಳುಮೆಣಸು ಬೇರೆಯ ಜಾತಿಯದು. ಅದನ್ನು ತೆಗೆದುಕೊಂಡ ಮರುದಿನ ಅದೇ ತೋಟದ ಆಳು ಬಂದು ಎದುರಿಗೆ ಕುಳಿತರೆ, ಕೊಠಡಿಯಲ್ಲಿ ಮೂವರಿದ್ದಂತಾಗುವುದು.

ಒಬ್ಬ ಸಲಹೆಗಾರರು ಒಗ್ಗದಿದ್ದರೆ ಇನ್ನೊಬ್ಬರನ್ನು ಕೇಳುವ ಸ್ವಾತಂತ್ರ್ಯ ಬಂದವರಿಗೆ ಯಾವಾಗಲೂ ಇದೆ; ಇದರಲ್ಲಿ ಅಪಚಾರವೇನೂ ಇಲ್ಲ, ಒಳ್ಳೆಯ ಸಲಹೆಗಾರರು ಇದಕ್ಕೆ ಮುನಿಯುವುದೂ ಇಲ್ಲ. ಎರಡು ಮೂರು ಸಲ ಹೋಗಿ ನೋಡಿದ ಮೇಲೆ ನಿರ್ಧರಿಸಬಹುದು. ನಿದ್ರೆ ಪೂರ್ತಿಯಾಗಿ ಕೆಟ್ಟಿದ್ದರೆ, ಇಲ್ಲದ ಧ್ವನಿಗಳು ಕೇಳಿಸುತ್ತಿದ್ದರೆ, ಸಾಯುವ ಮಾತು ಬಂದಿದ್ದರೆ ಮಾತ್ರ ಇಷ್ಟು ಕಾಯದೆ ಮನೋವೈದ್ಯರಿಗೆ ತೋರಿಸತಕ್ಕದ್ದು. ಹದಿಹರೆಯದ ಮಕ್ಕಳ ವಿಷಯದಲ್ಲಿ ಸಲಹೆಗಾರರೂ ತಂದೆತಾಯಿಗಳೂ ಹೇಗೆ ನಡೆದುಕೊಳ್ಳಬೇಕೆಂಬುದು ಪ್ರತ್ಯೇಕವಾದ ವಿಚಾರ. ಅದನ್ನು ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳುವೆವು.